ಕೂಡಿದವರ ಕೇರಿ: ‘ಕಂಪುಂಗ್’ ಪದದ ಅಲೆದಾಟ

ಜಾವಾ ದ್ವೀಪದ ಯೋಗ್ಯಕರ್ತಾ ನಗರದಲ್ಲಿ ದೊಡ್ಡ ರಸ್ತೆ ಬಿಟ್ಟು ಗಲ್ಲಿಗೆ ತಿರುಗಿದರೆ ಬಾಯಲ್ಲೇ ಒಂದು ಕಮಾನು ಸಿಗುತ್ತದೆ. ಎರಡು ಸಿಮೆಂಟು ಕಂಬ, ಮೇಲೊಂದು ಅಡ್ಡಪಟ್ಟಿ, ಪಟ್ಟಿಯ ಮೇಲೆ ಕೇರಿಯ ಹೆಸರು. ಆಗಸ್ಟ್ 17ರ ಸ್ವಾತಂತ್ರ್ಯ ದಿನ ಹತ್ತಿರವಾದಾಗ ಕೇರಿಯ ಹುಡುಗರು ಕೂಡಿ ಅದಕ್ಕೆ ಕೆಂಪು ಬಿಳಿ ಬಣ್ಣ ಬಳಿಯುತ್ತಾರೆ. ಇದರ ಹೆಸರು ‘ಗಪುರ’. ನಮ್ಮ ಗೋಪುರವೇ ಅದು. ಕಡಲು ದಾಟುವಾಗ ಎತ್ತರ ಕಳೆದುಕೊಂಡು, ಹೆಬ್ಬಾಗಿಲು ಎಂಬ ಹಳೆಯ ಅರ್ಥವನ್ನು ಮಾತ್ರ ಕಾಪಾಡಿಕೊಂಡಿದೆ. ಕಮಾನಿನ ಪಕ್ಕದಲ್ಲಿ ಹಲಗೆಗಳು. ಒಂದರಲ್ಲಿ ‘ಇಳಿಯಿರಿ, ಬೈಕು ತಳ್ಳಿಕೊಂಡು ಹೋಗಿ’ ಎಂದಿರುತ್ತದೆ. ಇನ್ನೊಂದರಲ್ಲಿ ‘ಹೊರಗಿನಿಂದ ಬಂದು ಉಳಿಯುವವರು 24 ಗಂಟೆಯೊಳಗೆ ತಿಳಿಸತಕ್ಕದ್ದು’. ಕೆಲವು ಕಡೆ ಮೂರನೆಯದೂ ಉಂಟು: ‘ಚಿಂದಿ ಆಯುವವರಿಗೆ ಪ್ರವೇಶವಿಲ್ಲ’. ಗಲ್ಲಿಗೆ ‘ಗಾಂಗ್’ ಎನ್ನುತ್ತಾರೆ. ಅದು ಡಚ್ಚರು ಬಿಟ್ಟುಹೋದ ಮಾತು. ಆ ಗಾಂಗಿನ ಒಳಗಿರುವ ಮನೆ, ಮಂದಿ, ಬಾವಿ, ಪ್ರಾರ್ಥನಾ ಮಂದಿರ, ಜಗಳ, ಲೆಕ್ಕಪತ್ರ ಎಲ್ಲ ಸೇರಿ ‘ಕಂಪುಂಗ್’.

ಕಂಪುಂಗ್ ಎಂದು ಬರೆದೆನಾದರೂ ಕೊನೆಯ ‘ಗ್’ ಅಲ್ಲಿನವರ ಬಾಯಲ್ಲಿ ಕೇಳಿಸುವುದಿಲ್ಲ. ಧ್ವನಿ ಮೂಗಿನಲ್ಲೇ ನಿಂತುಬಿಡುತ್ತದೆ. ವರ್ಣಮಾಲೆ ಒಪ್ಪಿಸುವ ಹೊತ್ತು ಬಿಟ್ಟರೆ ಬೇರೆ ಕೆಲಸವೇ ಇಲ್ಲದೆ ಕುಳಿತಿರುವ ನಮ್ಮ ‘ಙ’ಕಾರಕ್ಕೆ ಜಾವಾದಲ್ಲಿ ದಿನವಿಡೀ ದುಡಿಮೆ. ‘ಕಂಪುಙ್’ ಎಂದು ಬರೆದರೆ ಸರಿಹೋಗುತ್ತಿತ್ತು. ಓದುವವರಿಗೆ ತೊಡಕೆಂದು ಕೈಬಿಟ್ಟಿದ್ದೇನೆ.

ಮಲಯ ನಾಡಿನಲ್ಲಿ ಕಂಪುಂಗ್ ಎಂದರೆ ಹಳ್ಳಿ. ಜಾವಾದಲ್ಲಿ ಹಾಗಲ್ಲ. ಅಲ್ಲಿ ಹಳ್ಳಿಗೆ ‘ದೇಸ’ ಇದೆ. ಸಂಸ್ಕೃತದ ದೇಶ ಅಲ್ಲಿ ಒಂದು ಹಳ್ಳಿಯಷ್ಟಕ್ಕೆ ಕುಗ್ಗಿದೆ. ನಗರಕ್ಕೆ ‘ಕೋತಾ’ ಇದೆ; ನಮ್ಮ ಕೋಟೆಯ ಬಳಗದ ಪದ. ಕಂಪುಂಗ್ ಇರುವುದು ಈ ಕೋತಾದ ಹೊಟ್ಟೆಯೊಳಗೆ. ಯೋಗ್ಯಕರ್ತಾ ನಗರದ ಸರಹದ್ದು 32.5 ಚದರ ಕಿಲೋಮೀಟರು ಮಾತ್ರ, ಜನ ನಾಲ್ಕು ಲಕ್ಷಕ್ಕಿಂತ ಕಡಿಮೆ. ಊರಿನವರು ಪ್ರೀತಿಯಿಂದ ಜೋಗ್ಜಾ ಎನ್ನುವ, ಅಯೋಧ್ಯೆಯ ಹೆಸರನ್ನು ಹೊತ್ತ ಈ ಪುಟ್ಟ ನಗರದ ನಕ್ಷೆಯಲ್ಲಿ ಅಗಲ ರಸ್ತೆಗಳ ನಡುವಿನ ಖಾಲಿ ಚೌಕಗಳಂತೆ ಕಾಣುವುದೆಲ್ಲ ಬಹುಮಟ್ಟಿಗೆ ಕಂಪುಂಗುಗಳೇ. ರಸ್ತೆಯಂಚಿನಲ್ಲಿ ಅಂಗಡಿ, ಬ್ಯಾಂಕು, ಹೋಟೆಲು. ಅವುಗಳ ಬೆನ್ನಿಗೆ, ಎರಡು ಬೈಕು ಎದುರಾದರೆ ಒಂದು ಗೋಡೆಗೆ ಒತ್ತರಿಸಿಕೊಳ್ಳಬೇಕಾದ ಗಾಂಗುಗಳ ಜಾಲ.

ಒಳಗೆ ಏನಿದೆ? ಬೆಳಗಿನ ಹೊತ್ತು ಉದ್ದನೆಯ ಕಂಬದ ತುದಿಗೇರಿಸಿದ ಪಂಜರದಲ್ಲಿ ‘ಪರ್ಕುತುತ್’ ಹಕ್ಕಿ, ಅದರ ಕೂಗಿಗೆ ಕಿವಿಗೊಟ್ಟು ಕುಳಿತ ನಿವೃತ್ತ ಗುಮಾಸ್ತ. ಹಕ್ಕಿ ಸಾಕದ ಜಾವಾ ಗಂಡಸು ಗಂಡಸೇ ಅಲ್ಲ ಎಂಬ ಹಳೆಯ ಮಾತು ಅಲ್ಲಿ ಇನ್ನೂ ಸತ್ತಿಲ್ಲ. ಮನೆಯ ಮುಂಗೋಣೆಯನ್ನೇ ‘ವಾರುಂಗ್’ ಮಾಡಿಕೊಂಡು ಸೋಪಿನ ಚೀಟಿ, ಎಣ್ಣೆ, ನೂಡಲ್ಸ್ ಮಾರುವ ಹೆಂಗಸರು. ಬಟ್ಟಲಿಗೆ ಚಮಚ ಬಡಿದು ಸದ್ದು ಮಾಡುತ್ತ ಬರುವ, ‘ಬಕ್ಸೋ’ ಎಂಬ ಮಾಂಸದುಂಡೆಯ ಸಾರಿನ ಗಾಡಿ. ಸಂಜೆಯಾದರೆ ಗಾಂಗಿನ ಬಾಯಲ್ಲಿ ‘ಆಂಗ್ಕ್ರಿಂಗನ್’ ಎಂಬ ತಳ್ಳುಗಾಡಿ. ಅಲ್ಲಿ ಬಾಳೆಲೆಯಲ್ಲೋ ಕಾಗದದಲ್ಲೋ ಕಟ್ಟಿದ, ಬೆಕ್ಕಿಗೆ ಮಾತ್ರ ಸಾಲುವಷ್ಟಿರುವ ‘ಬೆಕ್ಕಿನ ಅನ್ನ’ದ ಪೊಟ್ಟಣ. ಒಂದಕ್ಕೆ ಯಾರ ಹೊಟ್ಟೆಯೂ ತುಂಬುವುದಿಲ್ಲ, ಒಂದನ್ನೇ ತಿಂದು ಏಳುವವರೂ ಇಲ್ಲ.

ರಾತ್ರಿಗೆ ಕಾವಲು. ಸರದಿಯ ಮೇಲೆ ಪ್ರತಿ ಮನೆಯ ಗಂಡಸು ಕಾವಲುಕಟ್ಟೆಗೆ ಬರಬೇಕು. ಕಟ್ಟೆಯ ಸೂರಿಗೆ ತೂಗುಹಾಕಿದ, ನಡುವೆ ಸೀಳು ಕೊರೆದ ಬಿದಿರಿನ ಅಥವಾ ಮರದ ‘ಕೆಂತೋಂಗನ್’ ಇರುತ್ತದೆ. ಅದನ್ನು ಬಡಿಯುವ ಲಯದಿಂದಲೇ ಕಳ್ಳತನವೋ ಬೆಂಕಿಯೋ ಸಾವೋ ಎಂದು ಮಲಗಿದವರಿಗೆ ಗೊತ್ತಾಗಬೇಕು. ಕಾವಲಿನವರು ಸುತ್ತು ಹೊಡೆಯುತ್ತ ಪ್ರತಿ ಮನೆಯ ಮುಂದೆ ತೂಗುಹಾಕಿದ ಪುಟ್ಟ ಡಬ್ಬಿಗೆ ಕೈಹಾಕುತ್ತಾರೆ. ಹಿಂದೆ ಅದರಲ್ಲಿ ಚಿಟಿಕೆ ಅಕ್ಕಿ, ಈಗ ನಾಣ್ಯ. ಈ ವಸೂಲಿಗೆ ‘ಜಿಂಪಿತನ್’ ಎಂದು ಹೆಸರು. ಬೆರಳ ತುದಿಯಲ್ಲಿ ಚಿವುಟಿ ತೆಗೆದಷ್ಟು ಎಂದು ಅರ್ಥ. ಹಣ ಕೂಡಿದರೆ ಕೇರಿಗೆ ಬಲ್ಬು, ಕುರ್ಚಿ, ಶವಪೆಟ್ಟಿಗೆ. ಹೆಂಗಸರ ‘ಅರಿಸನ್’ ಬೇರೆ, ಅದು ನಮ್ಮ ಚೀಟಿ ವ್ಯವಹಾರದ ಖಾಸಾ ತಂಗಿ. ಭಾನುವಾರ ಚರಂಡಿ ಬಳಿಯಲು ಎಲ್ಲರೂ ಇಳಿಯುವುದಕ್ಕೆ ‘ಕೆರ್ಜ ಬಕ್ತಿ’ ಎನ್ನುತ್ತಾರೆ. ಕಾರ್ಯ ಮತ್ತು ಭಕ್ತಿ ಎಂಬ ಎರಡು ಸಂಸ್ಕೃತ ಪದಗಳನ್ನು ಜೋಡಿಸಿ ಗುದ್ದಲಿ ಹಿಡಿಸಿದ್ದಾರೆ; ಭಕ್ತಿಗೆ ಇದಕ್ಕಿಂತ ಉಪಯುಕ್ತ ಕೆಲಸ ಎಲ್ಲೂ ಸಿಕ್ಕಿದಂತಿಲ್ಲ.

ಹೀಗೆ ಕೂಡುವುದು, ಕೂಡಿಸುವುದು ಕಂಪುಂಗಿನ ಸ್ವಭಾವದಲ್ಲಷ್ಟೇ ಅಲ್ಲ, ಪದದ ಬೇರಿನಲ್ಲೇ ಇದೆ. ಹಳೆಯ ಮಲಯ ಗದ್ಯದಲ್ಲಿ ‘ಬೆರ್‌ಕಂಪುಂಗ್’ ಎಂದರೆ ಒಟ್ಟುಗೂಡುವುದು. ದಂಡು ಸೇರಿತು, ಮಂತ್ರಿಗಳು ಸಭೆ ಸೇರಿದರು ಎನ್ನುವಲ್ಲಿ ಈ ಕ್ರಿಯಾಪದವೇ ಬರುತ್ತದೆ. ಮೊದಲು ಜನ ಕೂಡಿದರು. ಕೂಡಿದ ಮನೆಗಳಿಗೆ ಆ ಹೆಸರಾಯಿತು. ಮನೆಗಳ ಸುತ್ತಿನ ಆವರಣಕ್ಕೂ ಅದೇ ಹೆಸರು ಅಂಟಿತು. ಕ್ರಿಯೆಯಿಂದ ಜಾಗಕ್ಕೆ, ಜಾಗದಿಂದ ಬೇಲಿಗೆ ಪದ ಇಳಿಯುತ್ತ ಬಂದದ್ದು ಹೀಗೆ. ಜಾವಾದ ಬಡಗಿಗಳ ಬಾಯಲ್ಲಿ ಇನ್ನೊಂದು ಅರ್ಥವೂ ಉಳಿದಿದೆ. ಮನೆಯ ಮಾಡಿನ ಬಗೆಗಳನ್ನು ಅವರು ಹೆಸರು ಹಿಡಿದು ವಿಂಗಡಿಸುತ್ತಾರೆ. ನಡುವೆ ಎತ್ತರವಾಗಿ ಏರಿ ನಾಲ್ಕೂ ದಿಕ್ಕಿಗೆ ಇಳಿಯುವ ‘ಜೋಗ್ಲೋ’ ದೊಡ್ಡವರದು. ಎರಡೇ ಇಳಿಜಾರಿನ ಸಾದಾ ಮಾಡು ಸಾಮಾನ್ಯರದು. ಆ ಸಾದಾ ಮಾಡಿನ ಹೆಸರೂ ‘ಕಂಪುಂಗ್’.

ಜೋಗ್ಜಾದಲ್ಲಿ ಬೇಲಿಗೂ ಕೇರಿಗೂ ಇರುವ ನಂಟು ತೀರ ಸ್ಪಷ್ಟ. 1755ರ ಗಿಯಾಂತಿ ಒಪ್ಪಂದ ಮಾತಾರಾಂ ರಾಜ್ಯವನ್ನು ಎರಡಾಗಿ ಸೀಳಿತು. ಮರುವರ್ಷ ಒಂದನೆಯ ಹಮೆಂಗ್ಕುಬುವೊನೊ ಸುಲ್ತಾನ ಹೊಸ ಅರಮನೆಗೆ ಕಾಲಿಟ್ಟ. ಅರಮನೆಯ ಸುತ್ತ ರಾಜಕುಮಾರರ ಮನೆಗಳು ಎದ್ದವು. ಒಂದೊಂದೂ ಗೋಡೆ ಕಟ್ಟಿದ ದೊಡ್ಡ ಆವರಣ. ಆ ಆವರಣದ ಒಳಗೂ ಅಂಚಿನಲ್ಲೂ ಆಳುಕಾಳು, ಬಂಧುಬಳಗ, ಕಸುಬಿನವರು ಗುಡಿಸಲು ಹಾಕಿಕೊಂಡರು. ಒಡೆಯನ ನೆಲದಲ್ಲಿ ಹೀಗೆ ನೆಲೆಸಲು ಒಪ್ಪಿಗೆ ಪಡೆದವರು ‘ಮಾಗೆರ್‌ಸಾರಿ’ಗಳು. ಆ ಮಾತಿನಲ್ಲೂ ಬೇಲಿ ಎಂಬ ಅರ್ಥದ ‘ಪಾಗೆರ್’ ಅಡಗಿದೆ. ಕಾಲ ಸರಿದಂತೆ ರಾಜಕುಮಾರನ ವಂಶ ಬಡವಾಯಿತು, ಗೋಡೆ ಬಿತ್ತು, ಗುಡಿಸಲು ಇಟ್ಟಿಗೆಯ ಮನೆಯಾಯಿತು. ಉಳಿದದ್ದು ಒಡೆಯನ ಹೆಸರು. ನೊತೊಪ್ರಾಜನ್, ಸುರ್ಯೊವಿಜಯನ್ ಎಂಬ ಕೇರಿಗಳಲ್ಲಿ ಈಗ ಇರುವವರಿಗೆ ಆ ಹೆಸರಿನ ರಾಜಕುಮಾರನ ಜೊತೆ ಯಾವ ಲೇವಾದೇವಿಯೂ ಇಲ್ಲ.

ಉಳಿದ ಹೆಸರುಗಳು ಕಸುಬಿನಿಂದ ಬಂದವು. ಹಳೆ ಜೋಗ್ಜಾದ ನಕ್ಷೆ ಓದುವುದೆಂದರೆ ಅರಮನೆಯ ಸಂಬಳದ ಪಟ್ಟಿ ಓದಿದ ಹಾಗೆ. ಪಾತೆಹನ್ ಅರಮನೆಗೆ ಚಹಾ ಕಾಸುವವರ ಕೇರಿ. ಸಿಲಿರನ್ ದೀಪ ಹಚ್ಚುವವರದು. ಗಾಂಡೆಕನ್ ಸುದ್ದಿ ಒಯ್ಯುವ ಓಲೆಕಾರರದು. ಪಾಜೆಕ್ಸನ್ ‘ಜೆಕ್ಸ’ರದು, ಎಂದರೆ ನ್ಯಾಯಾಲಯದಲ್ಲಿ ವಾದಿಸುವ ಸರಕಾರಿ ವಕೀಲರದು, ಆ ಜೆಕ್ಸನ ಪೂರ್ವಜ ನಮ್ಮ ‘ಅಧ್ಯಕ್ಷ’. ಮಂತ್ರಿಜೆರೋನ್ ಎಂಬಲ್ಲಿ ‘ಮಂತ್ರಿ’ ಇದ್ದಾನೆ. ಅದನ್ನು ಕಂಡು ವಿಧಾನಸೌಧ ನೆನೆಯಬೇಕಾಗಿಲ್ಲ. ಜಾವಾದ ಮಂತ್ರಿ ಎಂದೋ ಕೆಳದರ್ಜೆಯ ಅಧಿಕಾರಿಯಾಗಿ ಇಳಿದುಬಿಟ್ಟ, ಈಗ ಹಳ್ಳಿಗಳಲ್ಲಿ ಇಂಜೆಕ್ಷನ್ ಕೊಡುವ ಪುರುಷ ನರ್ಸನ್ನೂ ಮಂತ್ರಿ ಎಂದೇ ಕರೆಯುತ್ತಾರೆ. ಹೊರಗಿನವರು ಎಡವುವುದು ‘ಗಾಮೆಲನ್’ ಎಂಬ ಕೇರಿಯಲ್ಲಿ. ಜಾವಾದ ಕಂಚಿನ ವಾದ್ಯಮೇಳದ ಹೆಸರೂ ಅದೇ ತಾನೆ ಎಂದು ಸಂಗೀತಗಾರರನ್ನು ಹುಡುಕಿದರೆ ಸಿಗುವುದಿಲ್ಲ. ಅದು ಅರಮನೆಯ ಕುದುರೆ ನೋಡಿಕೊಳ್ಳುವ ‘ಗಾಮೆಲ್’ಗಳ ಕೇರಿ. ವಾದ್ಯ ನುಡಿಸುವವರು ಇದ್ದದ್ದು ‘ನಾಗನ್’ ಕೇರಿಯಲ್ಲಿ. ಆ ಹೆಸರು ‘ನಿಯಾಗ’ ಎಂಬ ಪದದಿಂದ ಬಂತು, ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಪದದ ರೂಪ ನೋಡಿ ಅರ್ಥ ಹೇಳುವವರಿಗೆ ಈ ಎರಡು ಕೇರಿಗಳು ಸಾಕು.

ದೊಡ್ಡ ಮಸೀದಿಯ ಸುತ್ತ ಧಾರ್ಮಿಕರ ಕೇರಿ ಕೌಮನ್. ಅಲ್ಲಿನ ಅಹ್ಮದ್ ದಹ್ಲಾನ್ 1912ರ ನವೆಂಬರ್ 18ರಂದು ಕಟ್ಟಿದ ಮುಹಮ್ಮದಿಯಾ ಸಂಸ್ಥೆ ಇಂದು ದೇಶದ ಉದ್ದಗಲಕ್ಕೂ ಶಾಲೆ, ಆಸ್ಪತ್ರೆ ನಡೆಸುತ್ತದೆ. ಅರಬರಿಗೆ ಸಯಿದನ್, ಚೀನಿಯರಿಗೆ ಪೆಚಿನಾನ್. ಸೆಮಾರಾಂಗ್ ಮತ್ತು ಜಕಾರ್ತಾದಲ್ಲಿ ‘ಪೆಕೋಜನ್’ ಎಂಬ ಕೇರಿಗಳಿವೆ. ಖೋಜಾ ಎಂಬ ಹೆಸರಿನಲ್ಲಿ ಗುರುತಿಸಿಕೊಂಡ ಭಾರತೀಯ ಮುಸ್ಲಿಂ ವರ್ತಕರ ನೆಲೆ ಅವು. ಸೆಮಾರಾಂಗಿನ ಪೆಕೋಜನ್ ಮಸೀದಿಯಲ್ಲಿ ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಇಂದಿಗೂ ಹಂಚುವ ಮಸಾಲೆ ಗಂಜಿಯ ಹೆಸರು ‘ಇಂಡಿಯಾ ಗಂಜಿ’.

ಇಷ್ಟು ಹೊತ್ತಿಗೆ ಈ ಪದ ಇನ್ನೊಂದು ದಿಕ್ಕಿಗೂ ಹೊರಟಾಗಿತ್ತು. 17ನೇ ಶತಮಾನದಲ್ಲಿ ಪಶ್ಚಿಮ ಜಾವಾದ ಬಾಂಟೆನ್ ಬಂದರಿನಲ್ಲಿ ಇಂಗ್ಲಿಷ್ ಕಂಪನಿಯ ಕೋಠಿ ಇತ್ತು. ಮೆಣಸು ಕೊಳ್ಳಲು ಕುಳಿತ ಆ ವರ್ತಕರು ತಮ್ಮ ಮನೆ, ಉಗ್ರಾಣಗಳ ಸುತ್ತಿನ ಆವರಣಕ್ಕೆ ಸ್ಥಳೀಯರ ಪದವನ್ನೇ ಬಳಸತೊಡಗಿದರು. ಅವರ ನಾಲಗೆಯಲ್ಲಿ ಅದು ಮೊದಲೇ ಪರಿಚಿತವಾಗಿದ್ದ ಇನ್ನೊಂದು ಇಂಗ್ಲಿಷ್ ಪದದ ಆಕಾರ ತಳೆದು ‘ಕಾಂಪೌಂಡ್’ ಆಯಿತು. ಅಲ್ಲಿಂದ ಮದರಾಸು, ಮದರಾಸಿನಿಂದ ದಂಡುಪ್ರದೇಶದ ಬಂಗಲೆಗಳು, ಬಂಗಲೆಗಳಿಂದ ನಮ್ಮ ನಿಮ್ಮ ಮನೆ. ಔಷಧಿ ಬೆರೆಸುವ ಕಾಂಪೌಂಡರನ ಪದ ಲ್ಯಾಟಿನ್ ಮೂಲದ್ದು, ಬೇರೆ ವಂಶ. ಮನೆ ಸುತ್ತಿನ ಕಾಂಪೌಂಡು ಮಾತ್ರ ಮಲಯದ ಮಗು. ಪೋರ್ಚುಗೀಸ್ ಮೂಲ, ಫ್ರೆಂಚ್ ಮೂಲ ಎಂಬ ವಾದಗಳೂ ಒಂದು ಕಾಲದಲ್ಲಿ ಇದ್ದವು. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಕೋಶ ಮೂರನ್ನೂ ಮುಂದಿಟ್ಟು ಚರ್ಚಿಸುತ್ತದೆ. ಮಲಯ ಮೂಲವನ್ನು ಮೊದಲು ತೋರಿಸಿಕೊಟ್ಟವನು ಜಾನ್ ಕ್ರಾಫರ್ಡ್ ಎನ್ನುತ್ತದೆ. ಈಗಿನ ನಿಘಂಟುಗಳು ಒಪ್ಪಿರುವುದೂ ಬಹುಮಟ್ಟಿಗೆ ಅವನ ಮಾತನ್ನೇ.

ಕ್ರಾಫರ್ಡ್ ಕುರ್ಚಿಯಲ್ಲಿ ಕುಳಿತು ಊಹಿಸಿದವನಲ್ಲ. ಬ್ರಿಟಿಷರು 1811ರಲ್ಲಿ ಜಾವಾ ಹಿಡಿದಾಗ ಯೋಗ್ಯಕರ್ತಾ ದರಬಾರಿಗೆ ನೇಮಕವಾದ ರೆಸಿಡೆಂಟನೇ ಅವನು. 1812ರ ಜೂನಿನಲ್ಲಿ ಸುಲ್ತಾನನ ಅರಮನೆಗೆ ನುಗ್ಗಿದ ಪಡೆಯ ಮುಂದಾಳು ರೋಲೊ ಗಿಲೆಸ್ಪಿ, ಆರು ವರ್ಷ ಹಿಂದೆ ವೆಲ್ಲೂರಿನ ಸಿಪಾಯಿ ದಂಗೆಯನ್ನು ರಕ್ತದಲ್ಲಿ ಮುಳುಗಿಸಿದವನು. ಜೊತೆಗಿದ್ದ ಕಾಲಿನ್ ಮೆಕೆಂಜಿಯ ಹೆಸರು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮೈಸೂರು ಸೀಮೆಯನ್ನು ಅಳೆದು ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿದವನು ಅವನೇ. ಮಲಯ ಪದ ಇಂಗ್ಲಿಷಿನ ಮೂಲಕ ದಕ್ಷಿಣ ಭಾರತಕ್ಕೆ ಬಂದ ದಾರಿಯಲ್ಲೇ ಈ ಮಂದಿ ದಕ್ಷಿಣ ಭಾರತದಿಂದ ಜಾವಾಕ್ಕೆ ಹೋದರು. ಅರಮನೆಯ ಹಸ್ತಪ್ರತಿಗಳನ್ನು ಲೂಟಿಯಲ್ಲಿ ಹೊತ್ತುಕೊಂಡೂ ಬಂದರು.

ಕನ್ನಡದಲ್ಲಿ ಕಾಂಪೌಂಡು ಇನ್ನಷ್ಟು ಇಳಿದಿದೆ. ಇಂಗ್ಲಿಷಿನಲ್ಲಿ ಅದು ಆವರಣ. ನಮ್ಮಲ್ಲಿ ಅದು ಗೋಡೆಯೇ. ‘ಕಳ್ಳ ಕಾಂಪೌಂಡು ಹಾರಿದ’, ‘ಕಾಂಪೌಂಡಿಗೆ ಸುಣ್ಣ ಹೊಡೆಸಬೇಕು’ ಎನ್ನುತ್ತೇವೆ. ಕೂಡುವುದು ಎಂದು ಹುಟ್ಟಿದ ಮಾತು ಪಕ್ಕದ ಮನೆಯವರನ್ನು ಹೊರಗಿಡುವ ಕಲ್ಲುಕಟ್ಟಡದ ಹೆಸರಾಗಿ ನಿಂತಿದೆ. ಮೂಲಕ್ಕೆ ಹತ್ತಿರದ ಬಳಕೆ ಉಳಿದಿರುವುದು ಮಂಗಳೂರಿನ ವಿಳಾಸಗಳಲ್ಲಿ. ಅಲ್ಲಿ ಒಂದು ಮನೆತನದ ಹೆಸರಿನ ಮುಂದೆ ‘ಕಾಂಪೌಂಡ್’ ಎಂದು ಸೇರಿಸಿದರೆ ಒಂದೇ ಹಿತ್ತಿಲಿನ ಹಲವು ಮನೆಗಳು ಎಂದು ಅರ್ಥ. ಜೋಗ್ಜಾದ ಮಾಗೆರ್‌ಸಾರಿಗೆ ಆ ವಿಳಾಸ ವಿವರಿಸಬೇಕಾಗಿ ಬಾರದು.

ಡಚ್ಚರ ಕಾಲದಲ್ಲಿ ಪದಕ್ಕೆ ಕೊಳೆಯ ವಾಸನೆ ಮೆತ್ತಿಕೊಂಡಿತು. 20ನೇ ಶತಮಾನದ ಆರಂಭದಲ್ಲಿ ಜಾವಾದ ಊರುಗಳಿಗೆ ಪುರಸಭೆಗಳು ಬಂದವು. ಅವುಗಳ ನಲ್ಲಿ, ಚರಂಡಿ, ದೀಪ ಎಲ್ಲ ಬಿಳಿಯರ ಬಡಾವಣೆಗೆ. ನಡುವಿನ ಕಂಪುಂಗುಗಳು ಸ್ವಾಯತ್ತ ಹಳ್ಳಿಗಳು, ಅವುಗಳ ಒಳವ್ಯವಹಾರಕ್ಕೆ ನಾವು ಕೈಹಾಕಬಾರದು ಎಂಬ ಸೌಜನ್ಯದ ನೆಪವೊಂದು ಸಿದ್ಧವಿತ್ತು. ಬಡವರ ಸ್ವಾಯತ್ತತೆಗೆ ಸರಕಾರಗಳು ಇಷ್ಟು ಮರ್ಯಾದೆ ಕೊಡುವುದು ಖರ್ಚಿನ ಪ್ರಶ್ನೆ ಬಂದಾಗ ಮಾತ್ರ. ನೆಪ ಮುರಿದದ್ದು ಪ್ಲೇಗು. 1911ರಲ್ಲಿ ಪೂರ್ವ ಜಾವಾದ ಮಲಾಂಗ್ ಸೀಮೆಯಲ್ಲಿ ಅದು ಕಾಣಿಸಿಕೊಂಡಿತು; ಬರ್ಮಾದಿಂದ ಬಂದ ಅಕ್ಕಿಯ ಜೊತೆ ಇಲಿಗಳೂ ಇಳಿದಿದ್ದವು. ಬಿದಿರ ಮನೆಯ ತೊಲೆಗಳ ಪೊಳ್ಳಿನಲ್ಲಿ ಇಲಿ ಗೂಡು ಕಟ್ಟುತ್ತದೆ ಎಂದು ಗೊತ್ತಾಯಿತು. ಯುರೋಪಿನ ವೈದ್ಯರು ಹಿಂಜರಿದ ಕೇರಿಗಳಿಗೆ ಚಿಪ್ತೊ ಮಾಂಗುಂಕುಸುಮೊ ಎಂಬ ಜಾವಾದ ವೈದ್ಯ ಹೋದರು. ಮನೆಯವರೆಲ್ಲ ಸತ್ತು ಉಳಿದ ಹಸುಗೂಸೊಂದನ್ನು ಎತ್ತಿಕೊಂಡು ಬಂದು ಸಾಕಿದರು. ಮುಂದಿನ ವರ್ಷಗಳಲ್ಲಿ ಸರಕಾರ ಲಕ್ಷಾಂತರ ಮನೆಗಳ ಮಾಡು ಬಿಚ್ಚಿಸಿ ಕಟ್ಟಿಗೆ, ಹೆಂಚು ಹಾಕಿಸಿತು, ಖರ್ಚಿನ ಬಹುಪಾಲನ್ನು ಮನೆಯವರ ತಲೆಗೇ ಸಾಲವಾಗಿ ಹೊರಿಸಿತು. ಬೆಂಗಳೂರಿಗೆ 1898ರಲ್ಲಿ ಬಂದು ಮಲ್ಲೇಶ್ವರ, ಬಸವನಗುಡಿಗಳಿಗೆ ಕಾರಣವಾದದ್ದೂ ಇದೇ ಮಹಾಮಾರಿಯ ಹಿಂದಿನ ಅಲೆ. ನಮ್ಮಲ್ಲಿ ಅದು ಹೊಸ ಬಡಾವಣೆ ಕಟ್ಟಿಸಿತು, ಜಾವಾದಲ್ಲಿ ಹಳೆಯ ಸೂರು ಕೀಳಿಸಿತು.

ಸೆಮಾರಾಂಗಿನ ಔಷಧ ವ್ಯಾಪಾರಿ ಎಚ್. ಎಫ್. ತಿಲೆಮಾ ಎಂಬ ವಿಚಿತ್ರ ಮನುಷ್ಯನನ್ನು ಇಲ್ಲಿ ನೆನೆಯಬೇಕು. ‘ಹೈಜಿಯಾ’ ಎಂಬ ಹೆಸರಿನ ಶುದ್ಧ ನೀರನ್ನು ಬಾಟಲಿಯಲ್ಲಿ ಮಾರಿ ಶ್ರೀಮಂತನಾದವನು, ಆ ಹಣದಲ್ಲೇ 1915ರಿಂದ 1923ರವರೆಗೆ ‘ಕ್ರೊಮೊಬ್ಲಾಂಡ’ ಎಂಬ ಆರು ಸಂಪುಟಗಳನ್ನು ಅಚ್ಚುಹಾಕಿಸಿದ. ಕ್ರೊಮೊ ಜಾವಾದ ಜನಸಾಮಾನ್ಯ, ಬ್ಲಾಂಡ ಡಚ್ಚರವನು. ಕಂಪುಂಗುಗಳ ಚರಂಡಿ, ಕಕ್ಕಸು, ಬಾವಿಗಳ ನೂರಾರು ಛಾಯಾಚಿತ್ರಗಳನ್ನು ಅದರಲ್ಲಿ ಒಟ್ಟಿ, ನೋಡಿ ಇದು ನಿಮ್ಮ ಆಡಳಿತ ಎಂದು ತನ್ನವರ ಮೂಗಿಗೆ ಹಿಡಿದ. ಅಂಥವರ ಒತ್ತಾಯದಿಂದ ‘ಕಂಪುಂಗ್ ಸುಧಾರಣೆ’ ಎಂಬ ಡಚ್ ಯೋಜನೆ ಶುರುವಾಯಿತು. ಅದೇ ಹೆಸರು ಸ್ವತಂತ್ರ ಇಂಡೊನೇಷ್ಯಾದಲ್ಲಿ 1969ರಲ್ಲಿ ಮತ್ತೆ ಎದ್ದಿತು. ಜಕಾರ್ತಾದ ಗವರ್ನರ್ ಅಲಿ ಸಾದಿಕಿನ್ ಮನೆಗಳನ್ನು ಕೆಡವಿಸದೆ ಕಾಲುದಾರಿ, ಚರಂಡಿ, ನಲ್ಲಿಗಳನ್ನಷ್ಟೇ ಹಾಕಿಸಿದರು. ದಾರಿ ಗಟ್ಟಿಯಾದ ಮೇಲೆ ಜನ ತಮ್ಮ ಮನೆಗಳನ್ನು ತಾವೇ ಗಟ್ಟಿಮಾಡಿಕೊಂಡರು. ಆ ಯೋಜನೆಗೆ 1980ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಕಟ್ಟಡವನ್ನೇ ಕಟ್ಟದ ಕೆಲಸಕ್ಕೆ ವಾಸ್ತುಶಿಲ್ಪದ ಬಹುಮಾನ!

ಹೆಸರಿನ ಮೇಲೆ ಸರಕಾರಗಳ ಕೈ ಆಡಿದ್ದು ಬೇರೆಯೇ ಕಥೆ. 1944ರಲ್ಲಿ ಜಪಾನಿ ದಂಡಾಡಳಿತ ತನ್ನ ದೇಶದ ‘ತೊನಾರಿಗುಮಿ’ ಎಂಬ ನೆರೆಮನೆಗಳ ಗುಂಪನ್ನು ಜಾವಾಕ್ಕೆ ತಂದಿತು. ಹತ್ತಿಪ್ಪತ್ತು ಮನೆಗೊಬ್ಬ ಮುಖ್ಯಸ್ಥ. ಅಕ್ಕಿ ವಸೂಲಿ, ವಿಮಾನದಾಳಿಯ ಕವಾಯತು, ಅಪರಿಚಿತರ ಮೇಲೆ ಕಣ್ಣು. ಜಪಾನಿಗಳು ಹೋದರು, ಗುಂಪು ಉಳಿಯಿತು. ಸ್ವತಂತ್ರ ದೇಶ ಅದಕ್ಕೆ ‘ರುಕುನ್ ತೆತಾಂಗ್ಗ’ ಎಂದು ಹೆಸರಿಟ್ಟಿತು, ಎಂದರೆ ನೆರೆಹೊರೆಯವರ ಸಾಮರಸ್ಯ. ಅಂಥ ಕೆಲವು ಗುಂಪು ಸೇರಿ ‘ರುಕುನ್ ಕಂಪುಂಗ್’. ಕಮಾನಿನ ಪಕ್ಕದ 24 ಗಂಟೆಯ ಹಲಗೆ ಈ ವಂಶದ್ದು. ಸಾಮರಸ್ಯ ಎಂಬ ಮಧುರ ಪದದ ಹಿಂದೆ ಪಹರೆಯ ಗತ್ತು ಇದೆ ಎಂಬುದನ್ನು ಮರೆತು ಕಂಪುಂಗನ್ನು ಕೊಂಡಾಡುವ ಬರಹಗಳು ಬೇಕಾದಷ್ಟಿವೆ, ನನಗೆ ಅವು ರುಚಿಸುವುದಿಲ್ಲ. ಸುಹಾರ್ತೊ ಕಾಲದಲ್ಲಿ 1983ರ ನಿಯಮ ರುಕುನ್ ಕಂಪುಂಗನ್ನು ತೆಗೆದುಹಾಕಿ ‘ರುಕುನ್ ವಾರ್ಗ’ ಎಂಬ ಸಣ್ಣ ಘಟಕ ತಂದಿತು. ವಾರ್ಗ ನಮ್ಮ ‘ವರ್ಗ’. ಅಲ್ಲಿ ಅದಕ್ಕೆ ಸದಸ್ಯ, ನಾಗರಿಕ ಎಂಬ ಅರ್ಥ. ಜೋಗ್ಜಾದ ದೊಡ್ಡ ಕಂಪುಂಗುಗಳು ನಾಲ್ಕಾರು ರುಕುನ್ ವಾರ್ಗಗಳಾಗಿ ಒಡೆದವು, ಕಂಪುಂಗ್ ಎಂಬ ಪದ ದಫ್ತರದಿಂದ ಹೊರಬಿತ್ತು. ಗುರುತಿನ ಚೀಟಿಯಲ್ಲಿ ಈಗ ಅಂಕಿಗಳು. ಎಲ್ಲಿಯವರು ಎಂದು ಕೇಳಿದರೆ ಮಾತ್ರ ಯಾರೂ ಅಂಕಿ ಹೇಳುವುದಿಲ್ಲ. ಪಾತೆಹನ್, ಗಾಮೆಲನ್, ಸಯಿದನ್ ಎನ್ನುತ್ತಾರೆ.

ಅಷ್ಟರಲ್ಲಿ ಪದ ಬೈಗುಳವೂ ಆಗಿತ್ತು. ‘ಕಂಪುಂಗನ್’ ಎಂದರೆ ಗಮಾರ, ನಾಜೂಕಿಲ್ಲದವನು. ಇದರ ಎದುರಾಳಿ ‘ಗೆಡೋಂಗನ್’, ಇಟ್ಟಿಗೆಯ ಕಟ್ಟಡದವನು, ರಸ್ತೆಬದಿಯ ಶ್ರೀಮಂತ. ಆ ಕಟ್ಟಡದ ಪದಕ್ಕೂ ಉಗ್ರಾಣ ಎಂಬ ಅರ್ಥದ ‘ಗುಡಾಂಗ್’ಗೂ ನಂಟಿದೆ; ಅದು ತೆಲುಗು ತಮಿಳುಗಳಿಂದ ಅಲ್ಲಿಗೆ ಹೋಗಿ ಇಂಗ್ಲಿಷಿನ ಗೋಡೌನ್ ಆಗಿ ನಮಗೇ ಮರಳಿತು ಎಂಬ ಬಲವಾದ ವಾದವಿದೆ. ಕರಾವಳಿಯ ಗಡಂಗು ಬಲ್ಲವರಿಗೆ ಆಶ್ಚರ್ಯವಾಗದು. 1970ರ ದಶಕದಲ್ಲಿ ದಂಗ್‌ದುತ್ ಸಂಗೀತವನ್ನು ಮೇಲ್ಮಧ್ಯಮವರ್ಗ ಹೀಗಳೆದದ್ದು ಇದೇ ‘ಕಂಪುಂಗನ್’ ಎಂಬ ಮಾತಿನಿಂದ. ತಬಲದ ದಂಗ್ ಮತ್ತು ದುತ್ ಎಂಬ ಸದ್ದಿನಿಂದ ಹೆಸರು ಪಡೆದ, ಹಿಂದಿ ಸಿನಿಮಾದ ರಾಗಗಳನ್ನು ಉಂಡು ಬೆಳೆದ ಸಂಗೀತ ಅದು. ಗಾಯಕ ರೋಮಾ ಇರಾಮ ಅದಕ್ಕೆ ಎಲೆಕ್ಟ್ರಿಕ್ ಗಿಟಾರು ಸೇರಿಸಿ ಮೈದಾನಗಳನ್ನು ತುಂಬಿಸಿದ ಮೇಲೆ ಹೀಗಳೆದವರ ಮದುವೆಮನೆಗಳಲ್ಲೂ ಅದೇ ಮೊಳಗಿತು.

ಜೋಗ್ಜಾದ ನಡುವೆ ಹರಿಯುವ ಚೋದೆ ಹೊಳೆಯ ದಂಡೆಯಲ್ಲಿದ್ದವರು ಕಂಪುಂಗಿಗೂ ಹೊರಗಿನವರು. ಗೊಂಡೊಲಾಯು ಸೇತುವೆಯ ಕೆಳಗೆ ಕಸದ ಗುಡ್ಡೆಯ ಮೇಲೆ ರಟ್ಟು, ತಗಡುಗಳಲ್ಲಿ ಸೂರು ಕಟ್ಟಿಕೊಂಡಿದ್ದ ಅವರನ್ನು 1980ರ ದಶಕದ ಮೊದಲಲ್ಲಿ ಒಕ್ಕಲೆಬ್ಬಿಸಲು ಸಿದ್ಧತೆ ನಡೆದಿತ್ತು. ವೈ. ಬಿ. ಮಾಂಗುನ್‌ವಿಜಯ ಕ್ಯಾಥೊಲಿಕ್ ಪಾದ್ರಿ, ವಾಸ್ತುಶಿಲ್ಪಿ, ಹೆಸರಾಂತ ಕಾದಂಬರಿಕಾರ. ಅವರು ಅಲ್ಲೇ ಹೋಗಿ ನೆಲೆಸಿದರು. ಒಕ್ಕಲೆಬ್ಬಿಸಿದರೆ ಉಪವಾಸ ಕೂರುವೆ ಎಂದರು. ಬಿದಿರಿನ ಇಳಿಜಾರು ಮನೆಗಳು ಎದ್ದವು. ಕಲಾ ವಿದ್ಯಾರ್ಥಿಗಳು ಬಂದು ಗೋಡೆಗಳ ಮೇಲೆ ಹಕ್ಕಿ, ಮರ, ರಾಕ್ಷಸರನ್ನು ಬರೆದರು. 1992ರಲ್ಲಿ ಆ ಕೇರಿಗೂ ಆಗಾ ಖಾನ್ ಪ್ರಶಸ್ತಿ ಬಂತು, ಪ್ರಶಸ್ತಿಪತ್ರದಲ್ಲಿ ಅದರ ಹೆಸರು ‘ಕಂಪುಂಗ್ ಕಾಲಿ ಚೋದೆ’. ಒಕ್ಕಲೇಳಬೇಕಾದ ಗುಡಿಸಲುಗಳಿಗೆ ಕಂಪುಂಗ್ ಎಂಬ ಹೆಸರು ಸಿಕ್ಕಿದ್ದು ಒಂದು ಬಡ್ತಿ. ಹೊಳೆ ಪ್ರಶಸ್ತಿಗೆ ಮರ್ಯಾದೆ ಕೊಡಲಿಲ್ಲ. 2010ರ ಕೊನೆಯಲ್ಲಿ ಮೆರಾಪಿ ಜ್ವಾಲಾಮುಖಿ ಸಿಡಿದ ಮೇಲೆ ಮಳೆಯ ಜೊತೆ ಇಳಿದ ಬೂದಿ ಕೆಸರು ಚೋದೆಯ ಪಾತ್ರ ತುಂಬಿ ದಂಡೆಯ ಮನೆಗಳಿಗೆ ನುಗ್ಗಿತು. ಜನ ಕೆಸರು ಬಾಚಿದರು, ಅಲ್ಲೇ ಉಳಿದರು.

ಬೈಗುಳದ ಜೊತೆಜೊತೆಗೇ ಅಕ್ಕರೆ. ‘ಕಂಪುಂಗ್ ಹಾಲಾಮನ್’ ಎಂದರೆ ಹುಟ್ಟೂರು, ಹಾಲಾಮನ್ ಅಂಗಳ. ಸಂತೆಯಲ್ಲಿ ‘ಆಯಾಂ ಕಂಪುಂಗ್’ ಎಂದರೆ ನಾಟಿ ಕೋಳಿ. ಫಾರಂ ಕೋಳಿಗಿಂತ ದುಬಾರಿ; ಮನುಷ್ಯನಿಗೆ ಅಂಟಿದರೆ ಬೈಗುಳವಾಗುವ ಪದ ಕೋಳಿಗೆ ಅಂಟಿದರೆ ಬೆಲೆ ಏರಿಸುತ್ತದೆ. ರಂಜಾನ್ ಮುಗಿಯುವ ಹೊತ್ತಿಗೆ ಕೋಟಿಗಟ್ಟಲೆ ಜನ ಊರಿಗೆ ಹೊರಡುವುದಕ್ಕೆ ‘ಮುದಿಕ್’ ಎಂದೂ ‘ಪುಲಾಂಗ್ ಕಂಪುಂಗ್’ ಎಂದೂ ಹೆಸರು. 2020ರ ಏಪ್ರಿಲಿನಲ್ಲಿ, ಕೊರೊನಾ ತಡೆಯಲು ಮುದಿಕ್ ನಿಷೇಧಿಸಿದ ಅಧ್ಯಕ್ಷ ಜೋಕೊ ವಿದೊದೊ ದೂರದರ್ಶನದ ಸಂದರ್ಶನವೊಂದರಲ್ಲಿ, ಈಗಾಗಲೇ ಊರಿಗೆ ಹೋದವರದ್ದು ಮುದಿಕ್ ಅಲ್ಲ, ಪುಲಾಂಗ್ ಕಂಪುಂಗ್, ಎರಡೂ ಬೇರೆ ಎಂದುಬಿಟ್ಟರು. ದೇಶವೇ ನಿಘಂಟು ತೆರೆಯಿತು. ಸರಕಾರಿ ಮಹಾನಿಘಂಟಿನಲ್ಲಿ ಮುದಿಕ್ ಪದದ ಒಂದು ಅರ್ಥವೇ ‘ಊರಿಗೆ ಮರಳುವುದು’ ಎಂದಿತ್ತು. ವಾರಗಟ್ಟಲೆ ನಗೆಚಾಟಿಕೆ ನಡೆಯಿತು. ಪದಜಿಜ್ಞಾಸೆಗೆ ಇಷ್ಟು ಜನ ಒಮ್ಮೆಗೇ ಸೇರಿದ್ದು ಬೇರೆಲ್ಲೂ ನನಗೆ ಗೊತ್ತಿಲ್ಲ. ಅದೇ ತಿಂಗಳುಗಳಲ್ಲಿ ಜೋಗ್ಜಾದ ಕೇರಿಗಳು ಯಾರ ಅಪ್ಪಣೆಗೂ ಕಾಯದೆ ಗಪುರಗಳಿಗೆ ಅಡ್ಡಲಾಗಿ ಬಿದಿರ ಗಳ ಕಟ್ಟಿ, ಹೊರಗಿನವರನ್ನು ಒಳಗೆ ಬಿಡದೆ ಕಾವಲು ಕುಳಿತವು. ದಫ್ತರದಲ್ಲಿ ಇಲ್ಲದ ಕಂಪುಂಗಿಗೆ ತನ್ನ ಗಡಿ ಎಲ್ಲಿದೆ ಎಂದು ಚೆನ್ನಾಗಿ ನೆನಪಿತ್ತು.

ಕಂಪುಂಗುಗಳನ್ನು ಬಹುಮಟ್ಟಿಗೆ ಕೆಡವಿ ಮುಗಿಸಿದ ಸಿಂಗಪುರ ಈಗ ಗಗನಚುಂಬಿಗಳ ನಿವಾಸಿಗಳಿಗೆ ‘ಕಂಪುಂಗ್ ಮನೋಭಾವ’ ಬೆಳೆಸಿಕೊಳ್ಳಿ ಎಂದು ಉಪದೇಶಿಸುತ್ತದೆ. ಜಾವಾದಲ್ಲಿ ಪದ ಪ್ರವಾಸೋದ್ಯಮದ ಕೈಗೆ ಬಿದ್ದಿದೆ. ಮಲಾಂಗಿನ ಹೊಳೆದಂಡೆಯ ಜೋದಿಪಾನ್ ಕೇರಿಗೆ 2016ರಲ್ಲಿ ಬಗೆಬಗೆಯ ಬಣ್ಣ ಬಳಿದದ್ದೇ ‘ಬಣ್ಣದ ಕಂಪುಂಗ್’ ಎಂದು ಟಿಕೆಟ್ಟು ಹರಿಯತೊಡಗಿದರು. ಮರುವರ್ಷ ಸೆಮಾರಾಂಗಿನಲ್ಲಿ ‘ಕಾಮನಬಿಲ್ಲಿನ ಕಂಪುಂಗ್’. ಬಾತಿಕ್ ಕಂಪುಂಗ್, ತರಕಾರಿ ಕಂಪುಂಗ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ.

ಇವೆಲ್ಲಕ್ಕೂ ಮೊದಲಿನದು ಪಾರೆ. ಪೂರ್ವ ಜಾವಾದ ಕೆದಿರಿ ಜಿಲ್ಲೆಯ ಈ ಸಣ್ಣ ಪಟ್ಟಣದಲ್ಲಿ 1950ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಇದ್ದು ಹೋದ. ‘ಮೊಜೊಕುತೊ’ ಎಂಬ ಸುಳ್ಳು ಹೆಸರು ಕೊಟ್ಟು ಅದರ ಬಗ್ಗೆ ಪುಸ್ತಕಗಳನ್ನೇ ಬರೆದ. ಪಟ್ಟಣಕ್ಕೆ ಎರಡನೆಯ ಅಡ್ಡಹೆಸರು ತಾನಾಗಿ ಬಂತು. 1977ರಲ್ಲಿ ಕಲೆಂದ್ ಓಸೆನ್ ಎಂಬವರು ಇಲ್ಲಿ ಸಣ್ಣದೊಂದು ಇಂಗ್ಲಿಷ್ ಪಾಠಶಾಲೆ ತೆರೆದರು. ಅವರ ಶಿಷ್ಯರು ತಮ್ಮದೇ ಶಾಲೆಗಳನ್ನು ತೆರೆದರು, ಅವರ ಶಿಷ್ಯರೂ ತೆರೆದರು. ತುಲುಂಗ್ರೆಜೊ ಮತ್ತು ಪೆಲೆಂ ಎಂಬ ಎರಡು ಹಳ್ಳಿಗಳ ತುಂಬ ಈಗ ಇಂಗ್ಲಿಷ್ ತರಗತಿಗಳು, ದೇಶದ ಮೂಲೆಮೂಲೆಯಿಂದ ಬಂದ ಹುಡುಗರು, ಬಾಡಿಗೆ ಸೈಕಲ್ಲುಗಳು. ಸ್ಥಳೀಯರು ಹೆಚ್ಚುವರಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುತ್ತಾರೆ. ಕೆಲವು ವಸತಿಗೃಹಗಳ ಒಳಗೆ ಬೇರೆ ಭಾಷೆ ಆಡಿದರೆ ದಂಡ. ಸರಕಾರದ ಯಾವ ಕಡತದಲ್ಲೂ ಆ ಹೆಸರಿನ ಆಡಳಿತ ಘಟಕವಿಲ್ಲ, ಆದರೂ ಬಸ್ಸಿನವನಿಗೆ ‘ಕಂಪುಂಗ್ ಇಂಗ್ಗ್ರಿಸ್’ ಎಂದರೆ ಸಾಕು, ಸರಿಯಾದ ಜಾಗದಲ್ಲೇ ಇಳಿಸುತ್ತಾನೆ.